ಬಲಗಡೆ ಗ್ಯಾಲರಿಯ ಡೋಲು

ತೊಕಿವಾನ ಎಸೆತಕ್ಕೆ ವೇಗ ಇರಲಿಲ್ಲ. ಅಷ್ಟೇ ವಿಷಯ. ವೇಗ ಇಲ್ಲದವನನ್ನು ಬೇಸ್‌ಬಾಲಿನ ಕೊನೆಯ, ಒಂಬತ್ತನೇ ಇನಿಂಗ್ಸಿಗೆ ಅಂತ ಇಟ್ಟುಕೊಂಡವರದು ತಪ್ಪು, ಮ್ಯಾನೇಜರನದು ತಪ್ಪು, ನನ್ನದಲ್ಲ — ಒಣಗಿಸುವ ಯಂತ್ರ ತಿರುಗುತ್ತಿದೆ, ಟವೆಲ್ಲುಗಳ ಜೊತೆ ಯಾರದೋ ಸೊಂಟದ ಪಟ್ಟಿಯೂ ಸೇರಿಹೋಗಿದೆ, ಅದರ ಕೊಂಡಿ ಒಳಗಿನ ತಗಡಿಗೆ ಬಡಿಯುತ್ತಿದೆ, ಡಬ್, ಡಬ್, ಡಬ್, ನಿಲ್ಲಿಸಿ ಪಟ್ಟಿಯನ್ನು ತೆಗೆದರೆ ಸದ್ದು ನಿಲ್ಲುತ್ತದೆ, ಕೈ ಹೋಗುತ್ತಿಲ್ಲ, ಮಡಚಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೇನೆ. ಸೋಮವಾರ, ಆಟ ಇಲ್ಲ. ಇವತ್ತೇನು, ಇನ್ನು ವಸಂತದವರೆಗೆ ನಮಗೆ ಆಟ ಇಲ್ಲ, ನಿನ್ನೆ ಗೆದ್ದಿದ್ದರೆ ಇತ್ತು. ಹೊರಗೆ ಕಾಯುವ ಕೋಣೆಯಲ್ಲಿ ಮೀನು ಮಾರುಕಟ್ಟೆಯ ಹಾಮಾ ಅಜ್ಜಿ ಮಂಡಿಗೆ ಬಿಸಿ ಪೊಟ್ಟಣ ಕಟ್ಟಿಕೊಂಡು ಟೀವಿಯ ಮುಂದೆ ಕೂತಿದ್ದಾಳೆ, ಟೀವಿಯವನು ನಿನ್ನೆ ಎದುರಿನವರು ತೊಕಿವಾನ ಬಾಲನ್ನು ಗ್ಯಾಲರಿಗೆ ಹೊಡೆದ ಅದೇ ಹೋಮ್‌ರನ್ನನ್ನು ಮತ್ತೆ ಮತ್ತೆ ತೋರಿಸುತ್ತಿದ್ದಾನೆ, ಅಜ್ಜಿ ಡಾಕ್ಟರಮ್ಮನಿಗೆ ಹೇಳುತ್ತಿದ್ದಾಳೆ, ಆ ತೊಕಿವಾನ ಕೈಗೆ ಬಾಲು ಕೊಡೋದೂ ಒಂದೇ, ಬೆಕ್ಕನ್ನ ಮೀನಿನ ಬುಟ್ಟಿಗೆ ಕಾವಲು ಕೂರಿಸೋದೂ ಒಂದೇ. ಡಾಕ್ಟರಮ್ಮ ಹೂಂ ಅನ್ನುತ್ತಾಳೆ. ಆ ತೊಕಿವಾನ ಮೊಣಕೈಯನ್ನು ಎರಡು ವರ್ಷದಿಂದ ನೀವುತ್ತಿರುವವಳು ಅವಳೇ. ಸೋಮವಾರ ಮಧ್ಯಾಹ್ನ ಹಿತ್ತಿಲ ಬಾಗಿಲಿಂದ ಬರುತ್ತಾನೆ, ಹಿತ್ತಿಲ ಬಾಗಿಲಿಂದಲೇ ಹೋಗುತ್ತಾನೆ, ತಂಡಕ್ಕೆ ತಂಡದ್ದೇ ವೈದ್ಯರಿದ್ದಾರೆ, ಕೈ ನೋಯುತ್ತಿದೆ ಅಂತ ಅವರಿಗೆ ಗೊತ್ತಾದರೆ ಜಾಗ ಹೋಗುತ್ತದೆ, ಹಾಗಾಗಿ ಈ ವಿಷಯ ನಮ್ಮ ಮೂವರನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಇವತ್ತೂ ಸೋಮವಾರ. ಬರುತ್ತಾನಾ. ಬಂದರೆ ಹಿತ್ತಿಲ ಬಾಗಿಲು ತೆಗೆಯಬೇಕಾದವಳು ನಾನು. ನಿನ್ನೆ ಬಲಗಡೆ ಗ್ಯಾಲರಿಯಲ್ಲಿ ಡೋಲು ಬಾರಿಸಿದವಳೂ ನಾನು. ಬಾರಿಸಬೇಡಿ ಅಂತ ಅವನು ಕೇಳಿಕೊಂಡಿದ್ದು ಈ ಭೂಮಿಯ ಮೇಲೆ ನನ್ನೊಬ್ಬಳನ್ನೇ.

ವೇಗ ಇಲ್ಲ, ವೇಗ ಇಲ್ಲ — ಇದು ನಬೇಶಿಮಾನ ಮಾತು, ವರ್ಷಪೂರ್ತಿ ಅವನು ಹೇಳಿದ, ವರ್ಷಪೂರ್ತಿ ನಾನು ಅಲ್ಲಗಳೆದೆ, ಈಗ ಅದನ್ನೇ ಕದ್ದು ಬಾಯೊಳಗೆ ಇಟ್ಟುಕೊಂಡಿದ್ದೇನೆ. ನಬೇಶಿಮಾ ಟ್ಯಾಕ್ಸಿ ಓಡಿಸುತ್ತಾನೆ, ನಮ್ಮ ಬೆಂಬಲಿಗರ ಗುಂಪಿನಲ್ಲಿ ಕಹಳೆ ಊದುತ್ತಾನೆ, ಊದದೆ ಇರುವಾಗ ಬಾಯಿ ಸುಮ್ಮನಿರುವುದಿಲ್ಲ. ಪಂದ್ಯ ಮುಗಿದ ಮೇಲೆ ನಾವು ಹೋಗಿ ಕೂರುವುದು ದೋಣಿಗಟ್ಟೆಯ ಹತ್ತಿರದ ಕಾವಲಿ ಅಂಗಡಿಯಲ್ಲಿ, ಎಲೆಕೋಸಿನ ದಪ್ಪ ರೊಟ್ಟಿ ನಮ್ಮ ಮುಂದೆಯೇ ಚುರುಗುಟ್ಟುತ್ತಿರುತ್ತದೆ, ಬಿಯರಿನ ನೊರೆ ಇಳಿಯುತ್ತಿರುತ್ತದೆ, ಮಾತು ಎಲ್ಲಿಂದ ಶುರುವಾದರೂ ತೊಕಿವಾನ ಹತ್ತಿರವೇ ಬಂದು ನಿಲ್ಲುತ್ತದೆ. ಅವನ ಕೆಲಸ ಅಷ್ಟೇನೂ ದೊಡ್ಡದಲ್ಲ ನೋಡಲು, ನಾವು ಮುಂದಿದ್ದಾಗ ಕೊನೆಗೆ ಬಂದು ಎದುರಿನವರ ಮೂವರನ್ನು ಔಟ್ ಮಾಡಿ ಬಾಗಿಲು ಹಾಕುವುದು. ಆದರೆ ತೊಕಿವಾ ಬಾಗಿಲನ್ನು ನೆಟ್ಟಗೆ ಹಾಕುವವನಲ್ಲ, ಮೊದಲು ಒಬ್ಬನನ್ನು ಔಟ್ ಮಾಡದೆ ಬೇಸಿಗೆ ಕಳಿಸುತ್ತಾನೆ, ಆಮೇಲೆ ಇನ್ನೊಬ್ಬನನ್ನು, ಇಡೀ ಮೈದಾನದ ಉಸಿರು ಕಟ್ಟಿದ ಮೇಲೆ ಬ್ಯಾಟಿನ ಹತ್ತಿರ ಬರುತ್ತಲೇ ಕೆಳಕ್ಕೆ ಇಳಿದುಬಿಡುವ ಒಂದು ಮುಳುಗುವ ಎಸೆತ ಹಾಕಿ ಮುಗಿಸುತ್ತಾನೆ. ತೊಕಿವಾ ನಾಟಕ ಕಂಪನಿ ಅಂತ ಹೆಸರಿಟ್ಟವನು ನಬೇಶಿಮಾ. ಇವತ್ತು ಯಾವ ನಾಟಕ, ಎಷ್ಟು ಅಂಕ, ಮಧ್ಯೆ ವಿರಾಮ ಉಂಟಾ ಅಂತ ಕೇಳುತ್ತಾನೆ. ನಮ್ಮ ಮುಖ್ಯಸ್ಥ ಇಸೊಗಾಯಿ-ಸಾನ್ ತೋಫು ಮಾಡುವವರು, ಮಾತೂ ತೋಫುವಿನ ಹಾಗೆ ಮೆತ್ತಗೆ, ಕೊನೆಗೆ ಪರದೆ ಬೀಳುತ್ತಲ್ಲೋ, ಅಷ್ಟು ಸಾಕು ಬಿಡು ಅನ್ನುತ್ತಾರೆ. ಒಂದು ರಾತ್ರಿ ನಬೇಶಿಮಾ ರೊಟ್ಟಿ ಮಗುಚುವ ಸಟ್ಟುಗವನ್ನು ಎತ್ತಿ ತೋರಿಸುತ್ತಾ, ಇಸೊಗಾಯಿ-ಸಾನ್, ನನ್ನ ಟ್ಯಾಕ್ಸಿ ಬ್ರೇಕು ಹತ್ತರಲ್ಲಿ ಎಂಟು ಸಲ ಹಿಡಿಯುತ್ತೆ ಅಂದ್ರೆ ನೀವು ಹತ್ತುತ್ತೀರಾ ಅಂದ. ಆ ಬ್ರೇಕನ್ನ ಮೊದಲು ನಿನ್ನ ಬಾಯಿಗೆ ಹಾಕಿಸೋ ಅಂದರು ಅವರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕು ಸುಮ್ಮನಿರಬಹುದಿತ್ತು, ತೊಕಿವಾ ಹಿಡಿಯುತ್ತಾನೆ ಅಂದೆ. ನಿನಗೆ ಹೇಗಮ್ಮಾ ಗೊತ್ತು ಮಿಚಿರು ಅಂದ. ಗೊತ್ತು ಅಂದೆ. ಟವೆಲ್ಲು ಒಗೆಯೋಳಿಗೆ ಮುಳುಗೋ ಎಸೆತದ ಬಗ್ಗೆ ಏನು ಗೊತ್ತು ಅಂದ. ಗೊತ್ತು ಅಂದೆ ಮತ್ತೆ, ಕಿವಿ ಬಿಸಿಯಾಗಿತ್ತು, ಒಳಗೊಳಗೆ ಖುಷಿಯೂ ಆಗಿತ್ತು, ಇವರಲ್ಲಿ ಯಾರಿಗೂ ಇಲ್ಲದ ಒಂದು ವಿಷಯ ನನ್ನ ಹತ್ತಿರ ಇದೆ ಅಂತ. ಅದೇ ಖುಷಿ. ಅದನ್ನು ಬಿಟ್ಟುಕೊಡಲಾಗದೆ, ಹೇಳಲೂ ಆಗದೆ ಬಿಯರು ಕುಡಿದೆ.

ಆ ವಿಷಯ ಸಿಕ್ಕಿದ್ದು ಎರಡು ವಾರದ ಹಿಂದೆ, ಇದೇ ಕೋಣೆಯಲ್ಲಿ, ಇದೇ ಯಂತ್ರ ತಿರುಗುತ್ತಿದ್ದಾಗ. ಪರದೆಯ ಆಚೆ ಮಂಚದ ಮೇಲೆ ತೊಕಿವಾ ಕೂತಿದ್ದ, ಟೀವಿಯಲ್ಲಿ ಕಾಣುವುದಕ್ಕಿಂತ ಸಣ್ಣ ಮನುಷ್ಯ, ಕುತ್ತಿಗೆಯ ಹಿಂದೆ ಬಿಸಿಲಿಗೆ ಸುಟ್ಟ ಗೆರೆಗಳು, ಡಾಕ್ಟರಮ್ಮ ಫೋನಿಗೆ ಅಂತ ಹೊರಗೆ ಹೋಗಿದ್ದಳು. ಮೇಜಿನ ಬುಟ್ಟಿಯಲ್ಲಿ ಈ ಋತುವಿನ ಮೊದಲ ಕಿತ್ತಳೆ, ಸಿಪ್ಪೆ ಇನ್ನೂ ಹಸಿರು, ಅವನು ಒಂದನ್ನು ತೆಗೆದುಕೊಂಡು ತೋರುಬೆರಳು ನಡುಬೆರಳನ್ನು ಅಗಲಿಸಿ ಅದರ ನಡುವೆ ಸಿಕ್ಕಿಸಿಕೊಂಡು ಹಾಗೇ ತೊಡೆಯ ಮೇಲೆ ಇಟ್ಟುಕೊಂಡಿದ್ದ, ಮುಳುಗುವ ಎಸೆತಕ್ಕೆ ಬಾಲನ್ನು ಹಿಡಿಯುವುದು ಹಾಗೆಯೇ, ಅಭ್ಯಾಸಕ್ಕೆ ಬೆರಳು ಸುಮ್ಮನಿರುವುದಿಲ್ಲ. ನಾನು ಚಹಾ ಇಟ್ಟೆ. ಆಗ ಯಂತ್ರದೊಳಗೆ ಯಾವುದೋ ಕೊಂಡಿ ಬಡಿಯಲು ಶುರುವಾಯಿತು, ಡಬ್, ಡಬ್, ಡಬ್ — ಕಿತ್ತಳೆ ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿಹೋಯಿತು. ಅವನು ತನ್ನ ಕೈಯನ್ನೇ ನೋಡಿಕೊಂಡ. ನಾನು ಬಗ್ಗಿ ಹುಡುಕುತ್ತಿದ್ದೆ, ಬಿಡಿ, ಇರಲಿ ಅಂದ. ಆಮೇಲೆ ನನ್ನ ಅಂಗೈ ಕಡೆ ನೋಡಿದ, ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಚರ್ಮ, ನೀವು ಬಲಗಡೆ ಗ್ಯಾಲರಿಯ ಡೋಲಿನವರಲ್ವಾ ಅಂದ, ನಾನು ಮುಖ ಕೆಂಪಾಗಿ ತಲೆ ತಗ್ಗಿಸಿದೆ, ನನ್ನನ್ನು ಗುರುತಿಸಿದನಲ್ಲಾ ಅಂತ. ಅವನು ಚಹಾದ ಲೋಟ ಕೈಗೆತ್ತಿಕೊಂಡ, ಆ ಇನ್ನೊಬ್ಬನೇ ಅನ್ನೋ ಕೂಗು ಇದೆಯಲ್ಲ, ಅದನ್ನ ಸ್ವಲ್ಪ, ನಿಲ್ಲಿಸೋಕೆ ಆಗಲ್ವೇನೋ ಅಂದ. ನಾವು ಎಸೆಯುವಾಗ ಡೋಲು ಬಾರಿಸುವ ಪದ್ಧತಿ ಇಲ್ಲ, ಬ್ಯಾಟು ಹಿಡಿದಾಗ ಮಾತ್ರ, ಆದರೆ ಒಂದೇ ಒಂದು ಕಡೆ ಉಂಟು, ಒಂಬತ್ತನೇ ಇನಿಂಗ್ಸಿನಲ್ಲಿ ನಾವು ಮುಂದಿದ್ದು ಇಬ್ಬರು ಔಟಾದ ಮೇಲೆ, ಆಗ ನನ್ನ ಡೋಲು ಶುರುವಾಗುತ್ತದೆ, ಇಡೀ ಮೈದಾನ ಒಂದೇ ಗಂಟಲಿನಲ್ಲಿ ಇನ್ನೊಬ್ಬನೇ, ಇನ್ನೊಬ್ಬನೇ ಅಂತ ಕೂಗುತ್ತದೆ, ನಮಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಆ ಸದ್ದು ಬಂತು ಅಂದ್ರೆ ಈ ಬೆರಳು ನನ್ನ ಮಾತು ಕೇಳಲ್ಲ, ಬಿಟ್ಟುಬಿಡುತ್ತೆ ಅಂದ. ಜನ ಸುಮ್ಮನೆ ಕೂಗಿದರೆ ತಡೆದುಕೊಳ್ಳುತ್ತೇನೆ, ಡೋಲು ಸೇರಿದರೆ ಆಗಲ್ಲ ಅಂದ. ನಾನು ಏನೂ ಅನ್ನುವ ಮೊದಲು ಮಂಚದ ಮೇಲಿಂದಲೇ ಬಗ್ಗಿದ, ಹಣೆ ಮಂಡಿಗೆ ತಾಗುವಷ್ಟು, ನನ್ನಂಥವಳಿಗೆ. ಯಾರಿಗೂ ಹೇಳಬೇಡಿ ಅಂದ, ಎಸೆಯೋನು ಕೂಗಬೇಡಿ ಅಂತ ಜನರನ್ನ ಕೇಳಿಕೊಂಡ ಅಂತ ಗೊತ್ತಾದ್ರೆ ಅವತ್ತಿಗೇ ಅವನ ಕಥೆ ಮುಗೀತು. ಬಾರಿಸಲ್ಲ ಅಂದೆ ನಾನು. ಮಾತು ಕೊಡುತ್ತೇನೆ ಅಂದೆ. ಕೇಳದಿದ್ದರೂ ಎರಡು ಸಲ ಅಂದೆ.

ಒಂದು ಸಲ ಉಳಿಸಿಕೊಂಡೆ ಕೂಡ. ಮೊನ್ನೆ ಬುಧವಾರ, ಒಂದೇ ರನ್ ಮುಂದಿದ್ದೆವು, ಇಬ್ಬರು ಔಟ್, ಇಸೊಗಾಯಿ-ಸಾನ್ ನನ್ನ ಕಡೆ ತಿರುಗಿ ಕೈ ಎತ್ತಿದರು, ನಾನು ಡೋಲಿನ ಪಟ್ಟಿ ಬಿಚ್ಚಿಹೋಯಿತು ಅಂತ ಬಗ್ಗಿ ಕೂತೆ, ಬಗ್ಗಿದವಳು ಏಳಲಿಲ್ಲ, ಗ್ಯಾಲರಿ ಅಲ್ಲೊಂದು ಇಲ್ಲೊಂದು ಕೂಗಿತು, ಕೂಗು ಸೇರಿಕೊಳ್ಳಲಿಲ್ಲ, ತೊಕಿವಾ ಮೂರನೆಯವನನ್ನು ನಾಟಕವಿಲ್ಲದೆ ಮುಗಿಸಿದ. ಮುಗಿಸಿ ಟೋಪಿ ತೆಗೆದ, ಬಲಗಡೆಗೆ ತಿರುಗಿ. ಎಲ್ಲರೂ ತಮಗೇ ಅಂದುಕೊಂಡರು. ನನಗೆ. ಅದು ನನಗೆ — ಆ ರಾತ್ರಿ ನಾನು ತೇಲಿಕೊಂಡು ಮನೆಗೆ ಹೋದೆ. ಅಂದರೆ ಅವನು ಮಾಡಬಲ್ಲವನಾಗಿದ್ದ, ಡೋಲು ಇಲ್ಲದಿದ್ದರೆ ಮಾಡಬಲ್ಲವನಾಗಿದ್ದ, ಇಲ್ಲ, ಅದು ಒಂದು ಸಲ, ಒಂದು ಸಲ ಯಾರು ಬೇಕಾದರೂ ಮಾಡುತ್ತಾರೆ, ವೇಗ ಇರಲಿಲ್ಲ, ವಯಸ್ಸಾಗಿತ್ತು, ಹತ್ತರಲ್ಲಿ ಎಂಟು. ನಿನ್ನೆ ಭಾನುವಾರ, ಮಧ್ಯಾಹ್ನದ ಪಂದ್ಯ, ಜಲಸಂಧಿಯ ಕಡೆಯಿಂದ ಗಾಳಿ, ಗೆದ್ದರೆ ಮುಂದಿನ ಹಂತ, ಸೋತರೆ ಮನೆ, ಒಂಬತ್ತನೇ ಇನಿಂಗ್ಸಿಗೆ ನಾವು ಎರಡು ರನ್ ಮುಂದೆ. ತೊಕಿವಾ ಎಸೆಯುವ ದಿಬ್ಬದ ಮೇಲೆ ಬಂದ. ಮೊದಲನೆಯವನು ಔಟ್. ಎರಡನೆಯವನು ಔಟ್. ಬೇಸಿನಲ್ಲಿ ಒಬ್ಬನೂ ಇಲ್ಲ. ಇಸೊಗಾಯಿ-ಸಾನ್ ಕೈ ಎತ್ತಿದರು. ನಾನು ಕೋಲುಗಳನ್ನು ತೊಡೆಗೆ ಒತ್ತಿ ಹಿಡಿದುಕೊಂಡೆ, ಪಟ್ಟಿಯ ನೆಪ ಮತ್ತೆ ನಡೆಯುವುದಿಲ್ಲ, ಸುಮ್ಮನೆ ನಿಂತೆ. ನಬೇಶಿಮಾ ಕಹಳೆ ತುಟಿಯಿಂದ ತೆಗೆದ. ನೋಡಿದ್ರಾ, ಅಂದ, ಕೂಗಿ ಅಲ್ಲ, ಮಾಮೂಲಿ ದನಿಯಲ್ಲಿ, ಅದೇ ಕೆಟ್ಟದ್ದು, ಇವಳಿಗೂ ಅವನ ಮೇಲೆ ನಂಬಿಕೆ ಇಲ್ಲ, ಮೊನ್ನೆ ಪಟ್ಟಿ ಬಿಚ್ಚಿತು, ಇವತ್ತು ಕೈ ಬಿಚ್ಚಿತು, ಕಾವಲಿ ಮುಂದೆ ಎಷ್ಟು ದೊಡ್ಡ ಮಾತು ಮಿಚಿರು, ನಂಬಿದ್ರೆ ಬಾರಿಸು, ನಂಬಿಲ್ಲ ಅಂದ್ರೆ ಹೇಳಿಬಿಡು. ಸುತ್ತ ಇದ್ದವರೆಲ್ಲ ನನ್ನ ಕಡೆ ನೋಡಿದರು. ಇಸೊಗಾಯಿ-ಸಾನ್ ಕೂಡ, ಎತ್ತಿದ ಕೈ ಹಾಗೇ ಇತ್ತು. ಅವನು ಕೇಳಿಕೊಂಡಿದ್ದಾನೆ ಅಂತ ಹೇಳಿದರೆ ಅವನ ಕಥೆ ಮುಗಿಯುತ್ತದೆ. ಹೇಳದೆ ನಿಂತರೆ ನಾನು ಅವನನ್ನು ನಂಬದವಳು. ನಂಬದವಳು ಅಂತಲೇ ಅನ್ನಿಸಿಕೊಂಡು ನಿಲ್ಲಬಹುದಿತ್ತು. ಅಷ್ಟೇ ಇತ್ತು ನೋಡು ಅದರ ಬೆಲೆ, ಒಬ್ಬ ಟ್ಯಾಕ್ಸಿಯವನ ತುಟಿಯ ತುದಿಯ ನಗು, ಒಂದು ಸಂಜೆಯ ಚೇಷ್ಟೆ, ಒಂದು ವಾರ ಆದ ಮೇಲೆ ಯಾರಿಗೂ ನೆನಪಿರುತ್ತಿರಲಿಲ್ಲ — ನಾನು ನಂಬುತ್ತೇನೆ ಅಂದೆ, ಕೋಲು ಎತ್ತಿದೆ, ಬಾರಿಸಿದೆ.

ಡಬ್ ಡಬ್ ಡಬ್, ಇನ್ನೊಬ್ಬನೇ. ಮೂರು ಏಟು, ಒಂದು ಕೂಗು. ಎರಡನೇ ಸುತ್ತಿಗೆ ಇಡೀ ಮೈದಾನ ಸೇರಿಕೊಂಡಿತು. ತೊಕಿವಾ ಕ್ಯಾಚರ್ ಕಡೆ ನೋಡುತ್ತಿದ್ದವನು ತಲೆ ತಿರುಗಿಸಿದ, ಬಲಗಡೆಗೆ, ಮೇಲಕ್ಕೆ. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ, ಕಾಣಲಿಲ್ಲ, ಕಂಡಿತು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಎರಡು ಬೆರಳು ಮಾತ್ರ. ಮೊದಲ ಎಸೆತ ಮುಳುಗಲಿಲ್ಲ, ಬೇಗ ಕೈಬಿಟ್ಟು ಹೊರಗೆ ಹೋಯಿತು, ಎರಡನೆಯದೂ, ಮೂರನೆಯದೂ, ನಾಲ್ಕನೆಯದೂ, ನಾಲ್ಕು ಹೊರಗೆ ಹೋದರೆ ಬೇಸು ಪುಕ್ಕಟೆ, ಆ ಬ್ಯಾಟಿನವನು ಬ್ಯಾಟು ಬೀಸದೆಯೇ ಬೇಸಿಗೆ ನಡೆದುಕೊಂಡು ಹೋದ. ಆಗ ನಿಲ್ಲಿಸಬಹುದಿತ್ತು. ಆಗ ನಿಲ್ಲಿಸಿದರೆ ಈಗ ನಂಬಿಕೆ ಹೋಯಿತು ಅಂದಹಾಗೆ, ನಬೇಶಿಮಾ ಕಹಳೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ, ಇನ್ನೂ ಜೋರಾಗಿ ಬಾರಿಸಿದೆ. ಮುಂದಿನವನು ಬಾಲನ್ನು ನೆಲದ ಮೇಲೆ ಹೊಡೆದ, ನಮ್ಮ ಇಬ್ಬರು ಫೀಲ್ಡರುಗಳ ನಡುವೆ ನುಸುಳಿಹೋಯಿತು, ಬೇಸಿನಲ್ಲಿ ಇಬ್ಬರು. ನಾಟಕ ಶುರುವಾಯ್ತು ಅಂತ ಹಿಂದಿನಿಂದ ಯಾರೋ ಅಂದರು, ಜನ ನಕ್ಕರು, ಇನ್ನೂ ನಗುವಷ್ಟು ಧೈರ್ಯ ಇತ್ತು ಜನಕ್ಕೆ, ಕೊನೆಗೆ ಪರದೆ ಬೀಳುತ್ತಲ್ಲ. ತೊಕಿವಾ ಹೇಳಿದ್ದ ಮಾತಿಗಿಂತ ಜೋರಾಗಿ ಬಾರಿಸಿದೆ, ಅವನಿಗೆ ಕೇಳಿಸಲಿ ಅಂತ ಅಲ್ಲ, ಅವನು ಹೇಳಿದ್ದು ನನಗೇ ಕೇಳಿಸದಿರಲಿ ಅಂತ. ಅದಾದ ಮೇಲಿನವನಿಗೆ ಎರಡು ಸ್ಟ್ರೈಕ್ ಆಯಿತು, ಮೂರಾದರೆ ಔಟ್, ಕೂಗು ಬದಲಾಯಿತು, ಇನ್ನೊಂದೇ ಬಾಲು, ಇನ್ನೊಂದೇ ಬಾಲು, ಏಟು ಇನ್ನೂ ಹತ್ತಿರ ಹತ್ತಿರ, ನನ್ನ ಮಣಿಕಟ್ಟಿಗೆ ಸುಖವಾಗಿತ್ತು, ಅದನ್ನೂ ಹೇಳಿಬಿಡಬೇಕು, ಸುಖವಾಗಿತ್ತು, ಮೂವತ್ತು ಸಾವಿರ ಜನರ ಗಂಟಲು ನನ್ನ ಕೋಲಿನ ತುದಿಯಲ್ಲಿತ್ತು. ಬಾಲು ಬಂತು, ಮುಳುಗಬೇಕಾದ ಜಾಗದಲ್ಲಿ ಮುಳುಗಲಿಲ್ಲ, ಸೊಂಟದ ಮಟ್ಟದಲ್ಲಿ ತಟ್ಟೆಯಲ್ಲಿ ಇಟ್ಟ ಹಾಗೆ ನಿಂತಿತು. ಹೊಡೆದ ಸದ್ದು ಡೋಲಿನ ಏಟುಗಳ ನಡುವೆ ಬಂತು, ಅದಕ್ಕೇ ಅಷ್ಟು ಸ್ಪಷ್ಟವಾಗಿ ಕೇಳಿಸಿತು. ನಮ್ಮ ಕಡೆಗೇ ಬಂತು ಬಾಲು, ಬಲಗಡೆಗೆ, ದೊಡ್ಡದಾಗುತ್ತಾ ಬಂದು ನಮ್ಮಿಂದ ನಾಲ್ಕು ಸಾಲು ಕೆಳಗೆ ಮೆಟ್ಟಿಲಿಗೆ ಬಡಿದು ಕುರ್ಚಿಗಳ ಕೆಳಗೆ ಉರುಳಿಹೋಯಿತು, ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ನಾನು ಇನ್ನೂ ಒಂದು ಏಟು ಬಾರಿಸಿದೆ. ಕೈ ಗೊತ್ತಿಲ್ಲದೆ ಬಾರಿಸಿತು, ಆ ಮೌನದಲ್ಲಿ ಒಂದೇ ಒಂದು, ಡಬ್.

ಬೇಸಿನಲ್ಲಿದ್ದ ಇಬ್ಬರು, ಹೊಡೆದವನು, ಒಟ್ಟು ಮೂರು ರನ್, ನಾವು ಒಂದು ಹಿಂದೆ. ಆಮೇಲೆ ನಮ್ಮವರು ಬ್ಯಾಟು ಹಿಡಿದರು, ಏನೂ ಆಗಲಿಲ್ಲ, ಮುಗಿಯಿತು. ಕಾವಲಿ ಅಂಗಡಿಯಲ್ಲಿ ನಬೇಶಿಮಾ ಗೆದ್ದವನ ಹಾಗೆ ಕೂರಲಿಲ್ಲ, ಅದು ಇನ್ನೂ ಕಷ್ಟವಾಯಿತು, ನಿನ್ನ ಡೋಲಿಗೇನೂ ಆಗಿರಲಿಲ್ಲ ಕಣಮ್ಮಾ, ಚೆನ್ನಾಗೇ ಬಾರಿಸಿದೆ, ಅವನಿಗೆ ವೇಗ ಇಲ್ಲ, ನಾನು ಹೇಳಿರಲಿಲ್ವಾ ಅಂದ, ನನ್ನ ತಟ್ಟೆಗೆ ರೊಟ್ಟಿಯ ಗರಿ ಅಂಚನ್ನು ಕತ್ತರಿಸಿ ಹಾಕಿದ. ನಾನು ಹೌದು, ವೇಗ ಇಲ್ಲ ಅಂದೆ. ಮೊದಲನೇ ಸಲ ಅಂದೆ. ಅಂದಾಗ ರೊಟ್ಟಿ ಗಂಟಲಲ್ಲಿ ಇಳಿಯಿತು, ಅದೇ ಆಶ್ಚರ್ಯ, ಸಲೀಸಾಗಿ ಇಳಿಯಿತು, ಅದಾದ ಮೇಲೆ ಬೆಳಗಿನಿಂದ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ, ವೇಗ ಇಲ್ಲ, ವಯಸ್ಸಾಯಿತು, ಮೊಣಕೈ ನೋವಿಗೆ ಬೆರಳಿಗೆ ಮೊದಲೇ ಜೋಮು ಇತ್ತು, ನಾನು ಬಾರಿಸದಿದ್ದರೂ ಹಾಗೇ ಆಗುತ್ತಿತ್ತು, ಜನ ಹೇಗೂ ಕೂಗುತ್ತಿದ್ದರು, ಇವತ್ತು ಬಂದರೆ ಇಷ್ಟನ್ನೂ ಹೇಳುವುದಕ್ಕಾಗುವುದಿಲ್ಲ, ಒಂದು ಮಾತಿದೆ ಹೇಳುವುದಕ್ಕೆ, ತಪ್ಪಾಯಿತು, ಅದನ್ನು ಹೇಳಲು ಬೆಳಗಿನಿಂದ ಬಾಯಿ ಕಟ್ಟಿಕೊಂಡಿದೆ. ಬೈಯಲಿ. ಬೈದರೆ ಒಳ್ಳೆಯದು. ಹಿತ್ತಿಲ ಬಾಗಿಲಿನ ಚಿಲಕವನ್ನು ನೋಡುತ್ತಾ ಟವೆಲ್ಲು ಮಡಚುತ್ತಿದ್ದೇನೆ, ಆ ಬಾಗಿಲಿನ ಆಚೆ ಹೆಜ್ಜೆ ಇಲ್ಲ, ಗಂಟೆ ದಾಟಿದೆ, ಬರುವುದಿಲ್ಲ, ಬರುವುದಿಲ್ಲ ಅಂತ ಮನಸ್ಸು ಹಗುರಾಗುತ್ತಿದೆ, ಹಗುರಾಗಿದ್ದಕ್ಕೆ ನಾಚಿಕೆ — ಮುಂದಿನ ಬಾಗಿಲಿನ ಗಂಟೆ ಟಿಣ್ ಅಂದಿತು. ಹಾಮಾ ಅಜ್ಜಿಯ ಮಾತು ಅರ್ಧಕ್ಕೆ ನಿಂತಿತು. ಪರದೆ ಸರಿಸಿ ನೋಡುತ್ತೇನೆ, ತೊಕಿವಾ, ಮುಂದಿನ ಬಾಗಿಲಲ್ಲಿ, ಶೂ ಬಿಚ್ಚಿ ಜೋಡಿಸಿ ಇಡುತ್ತಿದ್ದಾನೆ, ಕಪ್ಪು ಸೂಟು, ಟೈ. ಪಂದ್ಯಗಳು ಮುಗಿದ ಮೇಲೆ ಸೂಟು ಹಾಕಿಕೊಂಡು ಕಚೇರಿಗೆ ಬಾ ಅಂತ ಕರೆ ಬಂತೆಂದರೆ ಆಟಗಾರನಿಗೆ ಅದರ ಅರ್ಥ ಒಂದೇ, ತಂಡದಿಂದ ಹೊರಗೆ. ಇನ್ನು ಹಿತ್ತಿಲ ಬಾಗಿಲು ಅವನಿಗೆ ಯಾಕೆ. ಅಜ್ಜಿ ಟೀವಿಯ ದನಿ ತಗ್ಗಿಸಲು ರಿಮೋಟು ಹುಡುಕುತ್ತಿದ್ದಾಳೆ. ಅವನು ಅವಳಿಗೆ ಬಗ್ಗಿದ, ಡಾಕ್ಟರಮ್ಮನಿಗೆ ಬಗ್ಗಿದ, ಕೊನೆಗೆ ನನಗೆ, ಎಲ್ಲರಿಗಿಂತ ಹೆಚ್ಚು ಹೊತ್ತು. ಇಷ್ಟು ವರ್ಷ ಬೆಂಬಲ ಕೊಟ್ಟಿರಿ, ತುಂಬ ಧನ್ಯವಾದ ಅಂದ, ಎಲ್ಲ ಆಟಗಾರರೂ ಅನ್ನುವ ಅದೇ ಮಾತು. ನಾನು ಬಾಯಿ ತೆರೆದೆ. ನಿನ್ನೆ ಡೋಲು ಚೆನ್ನಾಗಿ ಕೇಳಿಸ್ತು ಅಂದ. ಬೈದದ್ದಲ್ಲ, ಕೊಂಕಲ್ಲ, ಕೇಳಿಸಿತು ಅಂತ ಅಷ್ಟೇ. ತೆರೆದ ಬಾಯಿಂದ ದಣಿದಿರಬೇಕು, ಕೂತ್ಕೊಳ್ಳಿ ಅಂತ ಹೊರಗೆ ಬಂತು, ಅದಲ್ಲ, ಹೇಳಬೇಕಾದ್ದು ಅದಲ್ಲ. ಅವನು ಮಂಚದ ಮೇಲೆ ಕೂತ, ಡಾಕ್ಟರಮ್ಮ ಬರುವವರೆಗೆ, ಬುಟ್ಟಿಯಿಂದ ಕಿತ್ತಳೆ ತೆಗೆದುಕೊಂಡ, ಈ ವಾರದ್ದು ತೊಟ್ಟಿನ ಹತ್ತಿರ ಹಳದಿಗೆ ತಿರುಗಿದೆ, ಬೆರಳು ಅಗಲಿಸಿ ಸಿಕ್ಕಿಸಿಕೊಂಡ, ಕೈಯನ್ನು ತೊಡೆಯ ಮೇಲೆ ಇಟ್ಟು ಕಿಟಕಿಯ ಕಡೆ ನೋಡಿದ. ಯಂತ್ರ ತಿರುಗುತ್ತಿದೆ, ಡಬ್, ಡಬ್, ಡಬ್, ನಾನು ಓಡಿ ನಿಲ್ಲಿಸಬೇಕು, ಡಬ್, ಡಬ್, ನಾನು ಆ ಕೈಯನ್ನೇ ನೋಡುತ್ತಿದ್ದೇನೆ, ಈಗ ಬೀಳುತ್ತದೆ, ಈಗ, ಡಬ್, ಎರಡು ಬೆರಳ ನಡುವೆ ಕಿತ್ತಳೆ ಅಲುಗುತ್ತಿಲ್ಲ, ಡಬ್, ಗಟ್ಟಿಯಾಗಿ ಕೂತಿದೆ, ಇನ್ನು ಎಸೆಯಬೇಕಾಗಿಲ್ಲದ ಬೆರಳಿಗೆ ಡೋಲಿನ ಭಯವಿಲ್ಲ, ಬೀಳುತ್ತಿಲ್ಲ. ಬೀಳುತ್ತಿಲ್ಲ. ಹೋದದ್ದು ಮೂರು ರನ್, ಒಂದು ಪಂದ್ಯ, ಒಂದು ಮಾತು, ಒಬ್ಬ ಎಸೆತಗಾರ.